ಬಿಗಿ ಬಿಡಿಸುವ ಪ್ರೋಟೀನು

ಈ ವಾರ ನೋಡಬೇಕಾದದ್ದು 1ಎಸ್‌ಯು4. ಪ್ರೋಟೀನ್ ಡೇಟಾ ಬ್ಯಾಂಕಿನ ಜಾಲತಾಣದಲ್ಲಿ ಈ ಸಂಕೇತ ಒತ್ತಿದರೆ, ಮೊಲದ ಸ್ನಾಯುವಿನಿಂದ ತೆಗೆದ ಕ್ಯಾಲ್ಸಿಯಂ ಪಂಪು ತೆರೆಯ ಮೇಲೆ ಬಂದು ನಿಲ್ಲುತ್ತದೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಮೊಬೈಲಿನಲ್ಲೂ ತಿರುಗಿಸಿ ನೋಡಬಹುದು, ಆದರೆ ಇದಕ್ಕೆ ದೊಡ್ಡ ತೆರೆಯೇ ಸರಿ. ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಪಕ್ಷಪಾತ ಗೊತ್ತಿದೆ. ನೀರಿನಲ್ಲಿ ಕರಗಿ ತೇಲುವ ದುಂಡನೆಯ ಪ್ರೋಟೀನುಗಳು ಎಷ್ಟೇ ಹೆಸರುವಾಸಿಯಾಗಿರಲಿ, ಅರ್ಧ ಗಂಟೆಗೆ ನನಗೆ ಸಾಕಾಗುತ್ತವೆ. ಪೊರೆಯಲ್ಲಿ ಹೂತುಕೊಂಡವುಗಳ ಮಾತು ಬೇರೆ. ಅವುಗಳಿಗೆ ಮೇಲೆ ಕೆಳಗೆ ಎಂಬುದಿದೆ, ಒಳಗೆ ಹೊರಗೆ ಎಂಬುದಿದೆ. ನಿಂತ ಜಾಗದಲ್ಲೇ ಮಾಡಬೇಕಾದ ಕೆಲಸವೂ ಇದೆ.

ಮೊದಲು ರಿಬ್ಬನ್ ಚಿತ್ರಕ್ಕೆ ಹಾಕಿಕೊಳ್ಳಿ. 994 ಅಮೈನೋ ಆಮ್ಲಗಳ ಒಂದೇ ಸರಪಳಿ. ಹತ್ತು ಸುರುಳಿಗಳು ಪೊರೆಯನ್ನು ದಾಟಿ ನಿಂತಿವೆ. ಪೊರೆಯ ಮೇಲೆ, ಕೋಶದ್ರವದ ಕಡೆಗೆ, ಭಾರಿ ತಲೆ. ಅದರಲ್ಲಿ ಮೂರು ಹೋಳು: ಎ, ಎನ್, ಪಿ ಎಂದು ಹೆಸರು. ಈ ಚಿತ್ರದಲ್ಲಿ ಮೂರೂ ಒಂದಕ್ಕೊಂದು ದೂರ ಸರಿದು ಬಿಡುಬಿಡುವಾಗಿವೆ. ಹೊಸಬರ ಕಣ್ಣು ಸಹಜವಾಗಿ ತಲೆಯ ಮೇಲೇ ಹೋಗುತ್ತದೆ. ನೀವು ಕೆಳಗೆ ಇಳಿಯಿರಿ, ಸುರುಳಿಗಳ ನಡುವಿಗೆ. ಅಲ್ಲಿ ಎರಡು ಗುಂಡುಗಳು ಅಕ್ಕಪಕ್ಕ ಕೂತಿವೆ. ಅವೇ ಕ್ಯಾಲ್ಸಿಯಂ ಅಯಾನುಗಳು.

ಈ ಜಾಗವನ್ನು ಹತ್ತಿರಕ್ಕೆ ತಂದುಕೊಂಡು ನಾಲ್ಕನೆಯ ಮತ್ತು ಆರನೆಯ ಸುರುಳಿಗಳನ್ನು ಗಮನಿಸಿ. ಮೇಲಿನಿಂದ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದವು ಕ್ಯಾಲ್ಸಿಯಂ ಹತ್ತಿರ ಬರುತ್ತಲೇ ಬಿಚ್ಚಿಕೊಳ್ಳುತ್ತವೆ, ಒಂದೆರಡು ಹೆಜ್ಜೆ ಸುತ್ತಿಲ್ಲದೆ ನಡೆದು ಮತ್ತೆ ಸುತ್ತಿಕೊಳ್ಳುತ್ತವೆ. ಪೊರೆಯ ಕೊಬ್ಬಿನ ನಡುವೆ ಸುರುಳಿ ಬಿಚ್ಚುವುದು ಪ್ರೋಟೀನಿಗೆ ದುಬಾರಿ ವ್ಯವಹಾರ. ಸುಮ್ಮನೆ ಹಾಗೆ ಮಾಡುವುದಿಲ್ಲ. ಸುತ್ತು ಬಿಚ್ಚಿದ ಕಡೆ ಬೆನ್ನೆಲುಬಿನ ಆಮ್ಲಜನಕಗಳು ಬರಿದಾಗಿ ಕ್ಯಾಲ್ಸಿಯಂ ಕಡೆಗೆ ಮುಖ ಮಾಡುತ್ತವೆ. ಒಂದೊಂದು ಅಯಾನನ್ನೂ ಏಳೇಳು ಆಮ್ಲಜನಕ ಪರಮಾಣುಗಳು ಸುತ್ತುವರಿದಿವೆ. ಇಡೀ ಪ್ರೋಟೀನಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಇದನ್ನು ಮೊದಲು ಇಷ್ಟು ಸ್ಪಷ್ಟವಾಗಿ ತೋರಿಸಿದವರು ಟೋಕಿಯೋದ ಚಿಕಾಶಿ ತೊಯೋಶಿಮಾ ಮತ್ತು ಸಂಗಡಿಗರು, 2000ದಲ್ಲಿ, 2.6 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ. ನಾವು ನೋಡುತ್ತಿರುವುದು ಅದೇ ಚಿತ್ರವನ್ನು ಅವರೇ ಮುಂದೆ ಇನ್ನಷ್ಟು ತಿದ್ದಿದ ಪ್ರತಿ.

ಈಗ ತಲೆಗೆ ವಾಪಸು ಬನ್ನಿ. ಪಿ ಹೋಳಿನಲ್ಲಿ 351ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲವನ್ನು ಹುಡುಕಿ ಬಣ್ಣ ಹಾಕಿ. ಕೋಶದ ಇಂಧನವಾದ ಎಟಿಪಿಯ ಫಾಸ್ಫೇಟು ಬಂದು ಅಂಟುವುದು ಇಲ್ಲಿ. ಇಲ್ಲಿಂದ ಕ್ಯಾಲ್ಸಿಯಂ ಇರುವ ಕಡೆಗೆ ಅಳತೆ ಹಿಡಿದರೆ ಸುಮಾರು 50 ಆಂಗ್‌ಸ್ಟ್ರಾಂ. ಪೊರೆಯ ಕೊಬ್ಬಿನ ಪದರವೇ ಸುಮಾರು 30 ಆಂಗ್‌ಸ್ಟ್ರಾಂ ದಪ್ಪ, ಅಂದಮೇಲೆ ಈ ದೂರ ಸಣ್ಣದಲ್ಲ. ಶಕ್ತಿ ಖರ್ಚಾಗುವುದು ಒಂದು ಕಡೆ, ಅಯಾನು ಸಾಗುವುದು ಇನ್ನೊಂದು ಕಡೆ. ನಡುವೆ ಐದನೆಯ ಸುರುಳಿ ಪೊರೆಯ ತಳದಿಂದ ಪಿ ಹೋಳಿನವರೆಗೂ ಉದ್ದಕ್ಕೆ ನಿಂತು ಎರಡನ್ನೂ ಜೋಡಿಸಿದೆ.

ಎರಡನೆಯ ಚಿತ್ರ 1ಐಡಬ್ಲ್ಯುಒ, 2002ರದ್ದು. ಇದನ್ನು ಮೊದಲನೆಯದರ ಪಕ್ಕಕ್ಕಿಟ್ಟು ನೋಡಬೇಕು. ಕ್ಯಾಲ್ಸಿಯಂ ಹೊರಟುಹೋಗಿದೆ. ತಲೆಯ ಮೂರು ಹೋಳುಗಳೂ ಒತ್ತಾಗಿ ಕೂಡಿಕೊಂಡಿವೆ. ಎ ಹೋಳು ಕಾಲು ಸುತ್ತಿಗಿಂತ ತುಸು ಹೆಚ್ಚೇ ತಿರುಗಿದೆ. ಆ ತಿರುಗಾಟ ಕೆಳಗಿನ ಸುರುಳಿಗಳನ್ನು ಎಳೆದು, ತಳ್ಳಿ, ವಾಲಿಸಿದೆ. ಕ್ಯಾಲ್ಸಿಯಂ ಇಲ್ಲದ ಪಂಪು ಬಹಳ ಚಂಚಲ. ಅದನ್ನು ಸ್ಥಿರವಾಗಿ ಹಿಡಿದು ಹರಳುಗಟ್ಟಿಸಲು ತೊಯೋಶಿಮಾ ತಂಡ ಥಾಪ್ಸಿಗಾರ್ಗಿನ್ ಎಂಬ ಸಸ್ಯವಿಷದ ಮೊರೆಹೋಯಿತು. ಆಮೇಲಿನ ವರ್ಷಗಳಲ್ಲಿ ಡೆನ್ಮಾರ್ಕಿನ ಓರ್ಹುಸ್ ವಿಶ್ವವಿದ್ಯಾಲಯದ ಪೌಲ್ ನಿಸ್ಸೆನ್ ತಂಡವೂ ಸೇರಿಕೊಂಡು, ಫಾಸ್ಫೇಟಿನ ಜಾಗದಲ್ಲಿ ಅಲ್ಯೂಮಿನಿಯಂ ಫ್ಲೋರೈಡು, ಬೆರಿಲಿಯಂ ಫ್ಲೋರೈಡು ಎಂಬ ನಕಲಿಗಳನ್ನು ಕೂರಿಸಿ ನಡುವಣ ಭಂಗಿಗಳನ್ನು ಒಂದೊಂದಾಗಿ ಹಿಡಿದರು. 2016ರ ಗ್ರೆಗೋರಿ ಅಮಿನಾಫ್ ಪ್ರಶಸ್ತಿ ಇಬ್ಬರಿಗೂ ಸೇರಿ ಬಂತು.

ಭಂಗಿಗಳನ್ನು ಸಾಲಾಗಿಟ್ಟರೆ ಕ್ರಮ ಹೀಗೆ. ಕೋಶದ್ರವದ ಕಡೆಯ ಬಾಗಿಲು ತೆರೆದಿದೆ, ಎರಡು ಕ್ಯಾಲ್ಸಿಯಂ ಒಳಗೆ ಬಂದು ಕೂರುತ್ತವೆ. ಎಟಿಪಿ ತನ್ನ ಫಾಸ್ಫೇಟನ್ನು ಕೊಡುತ್ತದೆ, ಬಂದ ಬಾಗಿಲು ಮುಚ್ಚುತ್ತದೆ. ಒಂದು ಗಳಿಗೆ ಎರಡೂ ಕಡೆ ಮುಚ್ಚಿ ಅಯಾನುಗಳು ಒಳಗೇ ಬಂದಿ. ಎ ಹೋಳು ತಿರುಗಿ ಆಚೆ ಕಡೆಯ ಬಾಗಿಲು ತೆರೆಯುತ್ತದೆ. ಹಿಡಿದಿದ್ದ ಆಮ್ಲಜನಕಗಳ ಜೋಡಣೆ ಚದುರಿ ಕ್ಯಾಲ್ಸಿಯಂ ಕೈಜಾರುತ್ತದೆ. ಎರಡು ಮೂರು ಪ್ರೋಟಾನುಗಳು ಎದುರು ದಿಕ್ಕಿಗೆ ಸಾಗುತ್ತವೆ, ಫಾಸ್ಫೇಟು ಕಳಚುತ್ತದೆ, ಪಂಪು ಮೊದಲಿನಂತಾಗುತ್ತದೆ. ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಕಥೆ ಮುಗಿಯಿತು: ಆಚೆ ಕಡೆ ಕ್ಯಾಲ್ಸಿಯಂ ಸಾಂದ್ರತೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು, ಕೂಡಿಟ್ಟದ್ದೆಲ್ಲ ಕ್ಷಣದಲ್ಲಿ ಸೋರಿಹೋಗುತ್ತದೆ. ಹಾಗಾಗಿಯೇ ಇದು ನಿಧಾನದ ಕೆಲಸಗಾರ. ಅಯಾನು ಚಾನೆಲ್ಲೊಂದು ಸೆಕೆಂಡಿಗೆ ಲಕ್ಷಾಂತರ ಅಯಾನು ಬಿಟ್ಟುಕೊಟ್ಟರೆ ಪಂಪು ಸೆಕೆಂಡಿಗೆ ಹತ್ತಾರು ಸುತ್ತು ತಿರುಗುತ್ತದೆ, ಅಷ್ಟೆ. ಸ್ನಾಯು ಇದನ್ನು ಸಂಖ್ಯೆಯಲ್ಲಿ ಸರಿದೂಗಿಸಿಕೊಂಡಿದೆ. ವೇಗದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಕೂಡಿಡುವ ಸಾರ್ಕೊಪ್ಲಾಸ್ಮಿಕ್ ಜಾಲದ ಪೊರೆಯಲ್ಲಿರುವ ಪ್ರೋಟೀನಿನ ಬಹುಪಾಲು ಈ ಪಂಪೇ.

ಇದನ್ನೆಲ್ಲ ಸೇರಿಸಿದ ಅನಿಮೇಶನ್ ವಿಡಿಯೋಗಳು ಬೇಕಾದಷ್ಟಿವೆ, ನಾನು ಶಿಫಾರಸು ಮಾಡುವುದಿಲ್ಲ. ಎರಡು ಸ್ಥಿರಚಿತ್ರಗಳ ನಡುವಿನ ಚಲನೆಯನ್ನು ಕಂಪ್ಯೂಟರು ಊಹಿಸಿ ತುಂಬಿದ್ದು ಅದು. ನಿಜವಾದ ಅಣು ಹಾಗೆ ನುಣ್ಣಗೆ ತಿರುಗುವುದಿಲ್ಲ. ಶಾಖಕ್ಕೆ ಸದಾ ನಡುಗುತ್ತಾ, ಮುಂದೆ ಹಿಂದೆ ತಡಕಾಡುತ್ತಾ ಇರುತ್ತದೆ. ಸ್ಥಿರಚಿತ್ರಗಳನ್ನೇ ಅದಲುಬದಲು ಮಾಡಿ ನೋಡುವುದರಲ್ಲಿ ಶ್ರಮವಿದೆ, ಆದರೆ ಯಾವ ಸುರುಳಿ ಎಷ್ಟು ಸರಿಯಿತು ಎಂದು ಕಣ್ಣಿಗೆ ನಾಟುವುದು ಹಾಗೆ ನೋಡಿದಾಗಲೇ.

ಸ್ನಾಯು ಎಂದೊಡನೆ ನಮಗೆ ಬಿಗಿಯುವುದೇ ನೆನಪಾಗುತ್ತದೆ. ವಿಜ್ಞಾನಿಗಳೂ ಬಹುಕಾಲ ಹಾಗೇ ಇದ್ದರು. 1951ರಲ್ಲಿ ಕೇಂಬ್ರಿಜ್‌ನ ಬಿ. ಬಿ. ಮಾರ್ಷ್ ಸ್ನಾಯುವನ್ನು ಅರೆದ ದ್ರವದಲ್ಲಿ ಬಿಗಿತವನ್ನು ತಡೆದು ಸಡಿಲಿಸುವ ಅಂಶವೊಂದಿದೆ ಎಂದು ತೋರಿಸಿದ್ದರು. ಆ ಅಂಶ ಪೊರೆಯ ಸಣ್ಣ ಚೀಲಗಳೆಂದೂ, ಅವು ಎಟಿಪಿ ಸುಟ್ಟು ಕ್ಯಾಲ್ಸಿಯಂ ಅನ್ನು ಒಳಗೆಳೆದುಕೊಳ್ಳುತ್ತವೆಂದೂ ಗೊತ್ತಾಗಲು ಹತ್ತು ವರ್ಷ ಹಿಡಿಯಿತು: ಜರ್ಮನಿಯಲ್ಲಿ ಹಾಸೆಲ್‌ಬಾಖ್ ಮತ್ತು ಮಾಕಿನೋಸೆ, ನ್ಯೂಯಾರ್ಕಿನಲ್ಲಿ ಲಿಪ್‌ಮನ್ ಪ್ರಯೋಗಾಲಯದಲ್ಲಿದ್ದ ಸೆತ್ಸುರೋ ಎಬಾಶಿ. ಸ್ನಾಯುವನ್ನು ಬಿಗಿಯಿಸುವುದು ಕೋಶದ್ರವಕ್ಕೆ ಹೊರಬಂದ ಕ್ಯಾಲ್ಸಿಯಂ. ಅದು ಹೊರಬರಲು ಬಾಗಿಲು ತೆರೆದರೆ ಸಾಕು, ತಾನೇ ನುಗ್ಗುತ್ತದೆ. ಅದನ್ನು ಹೆಕ್ಕಿ ವಾಪಸು ತುಂಬಲು ಎರಡೆರಡು ಅಯಾನಿಗೆ ಒಂದೊಂದು ಎಟಿಪಿ ತೆರಬೇಕು. ಮುಷ್ಟಿ ಕಟ್ಟುವುದಕ್ಕೆ ಖರ್ಚಿದೆ ಎಂಬುದು ಎಲ್ಲರಿಗೂ ಗೊತ್ತು. ಬಿಚ್ಚುವುದಕ್ಕೂ ಇದೆ.

ಬ್ರೋಡಿ ಕಾಯಿಲೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. 1969ರಲ್ಲಿ ಮೊದಲು ವರ್ಣಿಸಲಾದ ಈ ಅಪರೂಪದ ಆನುವಂಶಿಕ ತೊಂದರೆಯಲ್ಲಿ ಕೈಕಾಲಿನ ಸ್ನಾಯುಗಳ ಪಂಪು ಕೆಟ್ಟಿರುತ್ತದೆ. ಮುಷ್ಟಿಯನ್ನು ನಾಲ್ಕಾರು ಸಲ ಬೇಗಬೇಗ ಕಟ್ಟಿ ಬಿಚ್ಚಿದರೆ ಬೆರಳುಗಳು ಬರಬರುತ್ತಾ ಸೆಟೆದು ಬೇಗ ಬಿಚ್ಚಿಕೊಳ್ಳದಾಗುತ್ತವೆ. ಚಳಿಯಲ್ಲಿ ಇನ್ನೂ ಹೆಚ್ಚು. ಹೃದಯಕ್ಕೆ ಮಾತ್ರ ತೊಂದರೆಯಿಲ್ಲ, ಅಲ್ಲಿರುವ ಪಂಪು ಬೇರೊಂದು ಜೀನಿನದು.

ಹೃದಯದ ಪಂಪಿಗೆ ಇನ್ನೊಂದು ವಿಶೇಷವಿದೆ, ಅದರ ಪಕ್ಕಕ್ಕೆ ಒಂದು ಬ್ರೇಕು ಅಂಟಿಕೊಂಡಿದೆ. ಹೆಸರು ಫಾಸ್ಫೊಲ್ಯಾಂಬಾನ್. ಬರೀ 52 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಪಂಪಿನ ಸುರುಳಿಗಳ ನಡುವಿನ ಸಂದಿನಲ್ಲಿ ಸೇರಿಕೊಂಡು ಅದನ್ನು ನಿಧಾನಿಸುತ್ತದೆ. ಓಡಿದಾಗ, ಹೆದರಿದಾಗ, ಮೆಟ್ಟಿಲು ಹತ್ತಿದಾಗ ಅಡ್ರಿನಲಿನ್ ಏರಿ, ಅದರ ಸಂದೇಶದಿಂದ ಈ ಬ್ರೇಕಿನ 16ನೆಯ ಸ್ಥಾನದ ಸೆರಿನ್ ಮೇಲೆ ಫಾಸ್ಫೇಟು ಬೀಳುತ್ತದೆ, ಹಿಡಿತ ಸಡಿಲಿ ಪಂಪು ಚುರುಕಾಗುತ್ತದೆ. ಹೃದಯಕ್ಕೆ ರಕ್ತ ತುಂಬುವುದು ಅದು ಸಡಿಲಿದಾಗ ಮಾತ್ರ. ಬಡಿತ ನಿಮಿಷಕ್ಕೆ 70ರಿಂದ 150ಕ್ಕೆ ಏರಿದರೆ ತುಂಬಿಕೊಳ್ಳಲು ಸಿಗುವ ಸಮಯ ತೀರಾ ಕುಗ್ಗುತ್ತದೆ. ಬೇಗ ಸಡಿಲಲಾರದ ಹೃದಯ ಬೇಗ ಬಡಿದೂ ಪ್ರಯೋಜನವಿಲ್ಲ. ಮನುಷ್ಯರಲ್ಲಿ ಪ್ರತಿ ಬಡಿತದ ನಂತರ ಕ್ಯಾಲ್ಸಿಯಂನ ಸುಮಾರು ಮೂರರಲ್ಲಿ ಎರಡು ಪಾಲನ್ನು ಈ ಪಂಪೇ ತೆಗೆಯುತ್ತದೆ. ಉಳಿದದ್ದರಲ್ಲಿ ಬಹುಪಾಲು ಸೋಡಿಯಂ ಜೊತೆ ವಿನಿಮಯವಾಗಿ ಕೋಶದಿಂದಾಚೆ ಹೋಗುತ್ತದೆ.

ಆ ವಿನಿಮಯಕ್ಕೆ ಆಧಾರ ಇದೇ ಮನೆತನದ ಇನ್ನೊಂದು ಪಂಪು. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಶಿಯಂ ಒಳಗೆ. ಓರ್ಹುಸ್‌ನಲ್ಲೇ ಏಡಿಯ ಕಾಲಿನ ನರಗಳಲ್ಲಿ ಅದನ್ನು ಪತ್ತೆಹಚ್ಚಿ 1957ರಲ್ಲಿ ಪ್ರಕಟಿಸಿದ ಯೆನ್ಸ್ ಸ್ಕೋ ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷ ಕಾಯಿಸಿ. ನಮ್ಮ ಹಿತ್ತಲಿನ ಕಣಗಿಲೆಯ ವಿಷ ಹೋಗಿ ಹಿಡಿಯುವುದು ಈ ಪಂಪನ್ನೇ. ಕಣಗಿಲೆ ಮೇಯ್ದ ದನ ಹೃದಯದ ಲಯ ತಪ್ಪಿ ಸಾಯುತ್ತದೆ. ಹೃದ್ರೋಗಿಗಳು ನುಂಗುವ ಡಿಗಾಕ್ಸಿನ್ ಗುಳಿಗೆಯೂ ಅದೇ ಜಾಗದಲ್ಲಿ ಕೂರುತ್ತದೆ. ಸೋಡಿಯಂ ಪಂಪು ತುಸು ಕುಂಟಿದರೆ ಕೋಶದಲ್ಲಿ ಸೋಡಿಯಂ ಹೆಚ್ಚುತ್ತದೆ, ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗುತ್ತದೆ, ಹಾಗೆ ಉಳಿದದ್ದನ್ನು ನಮ್ಮ 1ಎಸ್‌ಯು4ನ ಹೃದಯದ ದಾಯಾದಿ ಬಾಚಿ ಒಳಗೆ ತುಂಬಿಕೊಂಡು ಮುಂದಿನ ಬಡಿತಕ್ಕೆ ಬಲ ಕೊಡುತ್ತದೆ. ಔಷಧಕ್ಕೂ ವಿಷಕ್ಕೂ ನಡುವೆ ಅಂತರ ತೀರಾ ಕಡಿಮೆ, ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾ ಇರುವುದು ಅದಕ್ಕೇ.

ಹಾಗಾದರೆ ಹೃದಯದ ಪಂಪಿಗೆ ಅಂಟಿದ ಆ ಬ್ರೇಕನ್ನೇ ಕಿತ್ತುಹಾಕಿದರೆ? ಇಲಿಗಳಲ್ಲಿ 1994ರಲ್ಲಿ ಹಾಗೆ ಮಾಡಿ ನೋಡಿದಾಗ ಹೃದಯ ಹುರುಪಿನಿಂದ ಬಡಿಯಿತು. ಹುಟ್ಟಿನಿಂದಲೇ ಫಾಸ್ಫೊಲ್ಯಾಂಬಾನ್ ಇಲ್ಲದ ಮನುಷ್ಯರ ವಿಷಯ 2003ರಲ್ಲಿ ವರದಿಯಾಯಿತು: ಅವರ ಹೃದಯ ಹಿಗ್ಗಿ ದುರ್ಬಲವಾಗಿತ್ತು. ಸೋತ ಹೃದಯಗಳಿಗೆ ಪಂಪಿನ ಜೀನನ್ನೇ ವೈರಸ್ ಮೂಲಕ ಸೇರಿಸಿದ ಕ್ಯೂಪಿಡ್ ಪ್ರಯೋಗದ ಎರಡನೆಯ ಸುತ್ತಿನಲ್ಲಿ 250 ರೋಗಿಗಳಿದ್ದರು, ಗುಣ ಕಾಣಲಿಲ್ಲ. ಮುಖ್ಯವಾದದ್ದನ್ನು ಹೆಚ್ಚಿಸಿದರೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಹೃದಯದಲ್ಲಿ ನಡೆಯುವುದಿಲ್ಲ. ಇಲಿಯ ಹೃದಯ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಬಾರಿ ಬಡಿಯುವಂಥದು, ಅದರ ಲೆಕ್ಕವೇ ಬೇರೆ.

ಪಂಪಿನ ಬಳಕೆಗಳಲ್ಲಿ ನನಗೆ ಅತಿ ವಿಚಿತ್ರವೆನಿಸಿದ್ದು ಹೃದಯದ್ದೂ ಅಲ್ಲ, ಮುಷ್ಟಿಯದ್ದೂ ಅಲ್ಲ. ಕತ್ತಿಮೀನಿನ ಕಣ್ಣಿನ ಬಳಿ ಒಂದು ಸ್ನಾಯು ತನ್ನ ಬಿಗಿಯುವ ಎಳೆಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡಿದೆ. ಉಳಿದಿರುವುದು ಪೊರೆಯ ಮಡಿಕೆಗಳು, ಮೈಟೊಕಾಂಡ್ರಿಯಗಳು ಮತ್ತು ಒತ್ತೊತ್ತಾದ ಪಂಪುಗಳು. ಕ್ಯಾಲ್ಸಿಯಂ ಹೊರಬೀಳುತ್ತದೆ, ಪಂಪು ಅದನ್ನು ಒಳಗೆ ತುಂಬುತ್ತದೆ, ಮತ್ತೆ ಹೊರಬೀಳುತ್ತದೆ. ಸಡಿಲಿಸಬೇಕಾದದ್ದು ಅಲ್ಲಿ ಏನೂ ಇಲ್ಲ. ಎಟಿಪಿ ಸುಟ್ಟ ಶಾಖಕ್ಕೆ ಮೀನಿನ ಕಣ್ಣು ಮಿದುಳು ಬೆಚ್ಚಗಾಗುತ್ತವೆ, ಬೆಚ್ಚಗಾದ ಕಣ್ಣಿಗೆ ತಣ್ಣನೆಯ ಆಳದಲ್ಲೂ ವೇಗವಾಗಿ ಸರಿದುಹೋಗುವ ಬೇಟೆ ಕಾಣುತ್ತದೆ.