ಕ್ಷೇತ್ರಗಣಿತದ ಮೂಲವಿಚಾರ: ಗ್ರಂಥಸಂಪಾದನೆಯ ನ್ಯಾಯದಿಂದ ಒಂದು ಪರಿಶೀಲನೆ

ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ 12ನೆಯ ಶತಮಾನದ ಶಾಸನಗಳಿವೆ. ಆ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಮತ್ತರು, ಕಮ್ಮ ಎಂಬ ಭೂಮಾನಗಳೂ ನೆಲವನ್ನು ಅಳೆದ ಗಳೆಯ ಉಲ್ಲೇಖವೂ ಪರಿಚಿತವಾದವು. ದೇವಾಲಯಕ್ಕಾಗಲಿ ಬಸದಿಗಾಗಲಿ ನೆಲವನ್ನು ಬಿಡಬೇಕಾದರೆ ಅದನ್ನು ಅಳೆಯಲೇಬೇಕು. ನಮ್ಮ ಆಚಾರ್ಯರು ಈ ಶಾಸ್ತ್ರವನ್ನು 'ಕ್ಷೇತ್ರಗಣಿತ'ವೆಂದು ಕರೆದರು, ಕ್ಷೇತ್ರವೆಂದರೆ ಹೊಲ. ಇದೇ ಶಾಸ್ತ್ರಕ್ಕೆ ಗ್ರೀಕರು ಇಟ್ಟ ಹೆಸರಿಗೂ ಭೂಮಾಪನವೆಂದೇ ಅರ್ಥ. ನೈಲ್ ನದಿಯ ನೆರೆಯಲ್ಲಿ ಕೊಚ್ಚಿಹೋದ ಹೊಲಗಳನ್ನು ಕಂದಾಯಕ್ಕಾಗಿ ಮತ್ತೆ ಅಳೆಯಬೇಕಾದುದರಿಂದ ಈ ವಿದ್ಯೆ ಈಜಿಪ್ಟಿನಲ್ಲಿ ಹುಟ್ಟಿ ಗ್ರೀಸಿಗೆ ಬಂದಿತೆಂಬುದು ಹೆರೊಡೋಟಸನ ಹೇಳಿಕೆ. ಅದನ್ನು ಅಲ್ಲಿಂದ ತಂದವನು ಥೇಲ್ಸ್ ಎಂದು ಗ್ರೀಕ್ ಪರಂಪರೆಯು ಹೇಳುತ್ತದೆ.

ಹೆಸರು ಹೀಗೆ ಹೊಂದಿಕೊಂಡಿರುವುದರಿಂದ ಮೂಲವೂ ಒಂದೇ ಎನ್ನಬಹುದೇ? ಈ ಪ್ರಶ್ನೆಯಲ್ಲಿ ಎರಡು ಪಕ್ಷಗಳಿವೆ. 1915ರಲ್ಲಿ ಭಾರತೀಯ ಗಣಿತವನ್ನು ಕುರಿತು ಪುಸ್ತಕ ಬರೆದ ಜಿ. ಆರ್. ಕೇ ಮೊದಲಾದವರು ನಮ್ಮ ಗಣಿತಕ್ಕೆ ಗ್ರೀಕರ ಋಣವನ್ನು ಹೊರಿಸಿದರು. ಅದಕ್ಕೆ ಪ್ರತಿಯಾಗಿ ನಮ್ಮವರಲ್ಲಿ ಕೆಲವರು ಸಮಸ್ತವೂ ಇಲ್ಲಿಂದಲೇ ಹೋಯಿತೆಂದು ಸಾಧಿಸಹೊರಟರು. ಎರಡು ಪಕ್ಷಗಳೂ ಬಳಸುವ ಪ್ರಮಾಣ ಒಂದೇ: ಅಲ್ಲಿರುವ ಸತ್ಯವು ಇಲ್ಲಿಯೂ ಇದೆ, ಆದುದರಿಂದ ಒಬ್ಬರು ಮತ್ತೊಬ್ಬರಿಂದ ಪಡೆದರು. ಈ ಪ್ರಮಾಣ ಎಷ್ಟು ದೃಢವಾದುದೆಂಬುದನ್ನು ಗ್ರಂಥಸಂಪಾದನೆಯ ನ್ಯಾಯದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಓಲೆಪ್ರತಿಗಳನ್ನು ತಾಳೆ ನೋಡುವವರೆಲ್ಲರೂ ಬಲ್ಲ ನಿಯಮವಿದು. ಎರಡು ಪ್ರತಿಗಳಲ್ಲಿ ಶುದ್ಧಪಾಠ ಸಮಾನವಾಗಿದ್ದರೆ ಅವುಗಳ ನಿಕಟಸಂಬಂಧ ಸಿದ್ಧವಾಗುವುದಿಲ್ಲ. ವಿಶಿಷ್ಟವಾದ ಅಪಪಾಠವೊಂದು ಎರಡರಲ್ಲಿಯೂ ಇದ್ದರೆ ಅವು ಒಂದೇ ಮಾತೃಕೆಯಿಂದ ಬಂದವೆಂದು ಊಹಿಸುತ್ತೇವೆ. ಅದರಲ್ಲಿಯೂ ಅಲ್ಪಪ್ರಾಣ ಮಹಾಪ್ರಾಣಗಳ, ಹ್ರಸ್ವ ದೀರ್ಘಗಳ ವ್ಯತ್ಯಾಸದಂತಹ ಸಹಜಸ್ಖಾಲಿತ್ಯಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ್ನು ಯಾವ ಲಿಪಿಕಾರನಾದರೂ ಸ್ವತಂತ್ರವಾಗಿ ಮಾಡಬಲ್ಲನು.

ಈ ನಿಯಮವನ್ನು ಗಣಿತಕ್ಕೆ ಅನ್ವಯಿಸೋಣ. ಲಂಬತ್ರಿಭುಜದ ಕರ್ಣವರ್ಗವು ಭುಜ ಕೋಟಿಗಳ ವರ್ಗಯೋಗಕ್ಕೆ ಸಮವೆಂಬ ತತ್ತ್ವವು ಬೌಧಾಯನ ಶುಲ್ಬಸೂತ್ರದಲ್ಲಿದೆ, ಯೂಕ್ಲಿಡನ ಪ್ರಥಮಾಧ್ಯಾಯದಲ್ಲಿದೆ. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಜನ್ಯವ್ಯವಹಾರದಲ್ಲಿ ಬೀಜಸಂಖ್ಯೆಗಳಿಂದ ಇಂತಹ ಕ್ಷೇತ್ರಗಳನ್ನು ಉತ್ಪಾದಿಸುವ ಕ್ರಮವನ್ನೇ ವಿವರಿಸಿದ್ದಾರೆ. ಇದು ಶುದ್ಧಪಾಠದ ಸಾಮ್ಯ. ಸತ್ಯವು ಎಲ್ಲಿ ಹುಡುಕಿದರೂ ದೊರೆಯುವಂತಹದು. ಇದರಿಂದ ಋಣವೂ ಸಿದ್ಧವಾಗದು, ದಾನವೂ ಸಿದ್ಧವಾಗದು.

ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲವೆಂದು ಹೇಳಲಾಗದು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂಗಳಲ್ಲಿ ಅಶೋಕನ ಶಾಸನಗಳಿವೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ಬಂಡೆಶಾಸನಗಳ ಮಾಲೆಯೇ ಇದೆ. ಆ ಮಾಲೆಯ ಹದಿಮೂರನೆಯ ಶಾಸನವು ಹೆಸರಿಸುವ ತುರಮಾಯನು ಈಜಿಪ್ಟಿನ ಎರಡನೆಯ ಟಾಲೆಮಿ. ಯೂಕ್ಲಿಡನು ಬೋಧಿಸಿದ ಅಲೆಕ್ಸಾಂಡ್ರಿಯವು ಅವನ ರಾಜಧಾನಿ. ಆದರೆ ದೂತರು ಹೋಗಿಬಂದರೆಂದ ಮಾತ್ರಕ್ಕೆ ಸೂತ್ರಗಳೂ ಹೋಗಿಬಂದುವೆಂದು ಆಗುವುದಿಲ್ಲ. ಅದಕ್ಕೆ ಗ್ರಂಥದೊಳಗಿನ ಸಾಕ್ಷ್ಯ ಬೇಕು.

ಆ ಸಾಕ್ಷ್ಯವಾದರೋ ವಿರುದ್ಧವಾಗಿದೆ. ಪರಿಧಿ ವ್ಯಾಸಗಳ ನಿಷ್ಪತ್ತಿಯು 3 10/71ಕ್ಕಿಂತ ಹೆಚ್ಚು, 3 1/7ಕ್ಕಿಂತ ಕಡಮೆ ಎಂದು ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸನು ಸಾಧಿಸಿದನು. ಜೈನಾಗಮಗಳು ಆಧರಿಸಿದುದು ಹತ್ತರ ವರ್ಗಮೂಲವನ್ನು. ಒಂದು ಲಕ್ಷ ಯೋಜನ ವಿಷ್ಕಂಭದ ಜಂಬೂದ್ವೀಪಕ್ಕೆ 3,16,227 ಯೋಜನಗಳಿಗಿಂತ ತುಸು ಹೆಚ್ಚಿನ ಪರಿಧಿಯು ಬರುವುದು ಹೀಗೆ. ಆರ್ಕಿಮಿಡೀಸನ ಮೇಲಿನ ಮಿತಿಯನ್ನು ಹಿಡಿದಿದ್ದರೂ ಈ ಪರಿಧಿಯು ಸುಮಾರು 1,942 ಯೋಜನ ಕಡಮೆಯಾಗುತ್ತಿತ್ತು. ಅಲೆಕ್ಸಾಂಡ್ರಿಯದಿಂದ ಗಣಿತವನ್ನು ಪಡೆದವರು ಅಲ್ಲಿಯ ಸೂಕ್ಷ್ಮವಾದ ಮಾನವನ್ನು ಬಿಟ್ಟು ಬೇರೊಂದನ್ನು ಏಕೆ ಹಿಡಿದಾರು?

ಆಯತವೃತ್ತದ ಪ್ರಕರಣ ಇನ್ನೂ ಸ್ಪಷ್ಟವಾದುದು. ಆಯಾಮ 36, ವಿಸ್ತಾರ 12 ಇರುವ ಕ್ಷೇತ್ರವನ್ನು ತೆಗೆದುಕೊಳ್ಳೋಣ. ಆಯಾಮಕ್ಕೆ ವಿಸ್ತಾರಾರ್ಧವನ್ನು ಕೂಡಿಸಿ ದ್ವಿಗುಣಿಸಿದರೆ ಪರಿಧಿ, ಅಂದರೆ 84. ಅದನ್ನು ವಿಸ್ತಾರದ ಚತುರ್ಥಾಂಶದಿಂದ ಗುಣಿಸಿದರೆ ಫಲ 252. ಇದು ಮಹಾವೀರಾಚಾರ್ಯರ ವ್ಯಾವಹಾರಿಕ ವಿಧಾನ. ಸೂಕ್ಷ್ಮವಿಧಾನದಲ್ಲಿ ವಿಸ್ತಾರವರ್ಗದ ಆರರಷ್ಟಕ್ಕೆ ಆಯಾಮವರ್ಗದ ನಾಲ್ಕರಷ್ಟನ್ನು ಕೂಡಿಸಿ ಮೂಲವನ್ನು ತೆಗೆಯಬೇಕು. ಆಗ ಪರಿಧಿ ಸುಮಾರು 77.8, ಫಲ ಸುಮಾರು 233. ದೀರ್ಘವೃತ್ತವೆಂದು ಗ್ರಹಿಸಿದರೆ ಇದರ ನಿಜವಾದ ಪರಿಧಿ ಸುಮಾರು 80.2, ನಿಜವಾದ ಫಲ ಸುಮಾರು 339. ಪರಿಧಿಯಲ್ಲಿ ದೋಷ ಅಲ್ಪ, ಫಲದಲ್ಲಿ ಬಹಳ. ಸೂಕ್ಷ್ಮವೆಂದುದು ಸ್ಥೂಲಕ್ಕಿಂತಲೂ ದೂರವಾಗಿದೆ. ವೃತ್ತದ ನಿಯಮವನ್ನು ಸಾದೃಶ್ಯದಿಂದ ಇಲ್ಲಿಗೂ ವಿಸ್ತರಿಸಿದುದೇ ಇದಕ್ಕೆ ಕಾರಣವೆಂದು ತೋರುತ್ತದೆ. ಆಯಾಮ ವಿಸ್ತಾರಗಳು ಸಮವಾದಾಗ ಸೂತ್ರವು ವೃತ್ತಕ್ಕೆ ಸರಿಯಾಗಿ ಕೂಡುತ್ತದೆ. ಈ ಕ್ಷೇತ್ರದ ಫಲವನ್ನು ಆರ್ಕಿಮಿಡೀಸನು ಉಪಪತ್ತಿಸಹಿತವಾಗಿ ಹೇಳಿದ್ದನು. ಅವನ ಗ್ರಂಥವನ್ನು ಕಂಡವರಲ್ಲಿ ಈ ದೋಷ ಸಂಭವಿಸದು. ಆಚಾರ್ಯರ ಸ್ಖಾಲಿತ್ಯವೇ ಅವರ ಸ್ವಾತಂತ್ರ್ಯಕ್ಕೆ ಸಾಕ್ಷಿಯಾಗಿ ನಿಂತಿದೆ. ನಿಜವಾಗಿ ಪಡೆದುದು ಹೇಗಿರುತ್ತದೆಂಬುದಕ್ಕೆ 18ನೆಯ ಶತಮಾನದ ಜಗನ್ನಾಥ ಸಾಮ್ರಾಟನ ರೇಖಾಗಣಿತವನ್ನು ನೋಡಬೇಕು. ಅರಬ್ಬೀ ಭಾಷೆಯ ಮೂಲಕ ಬಂದ ಆ ಸಂಸ್ಕೃತ ಗ್ರಂಥದಲ್ಲಿ ಯೂಕ್ಲಿಡನ ಪ್ರಮೇಯಗಳು ಉಪಪತ್ತಿಗಳೊಡನೆ ಹದಿನೈದು ಅಧ್ಯಾಯಗಳಲ್ಲಿ ಸೇರಿವೆ.

ಹಾಗಾದರೆ ಸಮಾನವಾದ ದೋಷವು ಎಲ್ಲಿಯೂ ಇಲ್ಲವೇ? ಒಂದುಂಟು. ಚತುರ್ಭುಜದ ಎದುರುಬದುರು ಬಾಹುಗಳ ಯೋಗಾರ್ಧಗಳನ್ನು ಗುಣಿಸಿ ಫಲವನ್ನು ತೆಗೆಯುವುದು ಗಣಿತಸಾರಸಂಗ್ರಹದ ವ್ಯಾವಹಾರಿಕ ನಿಯಮ. ತ್ರಿಭುಜದಲ್ಲಿ ನಾಲ್ಕನೆಯ ಬಾಹುವನ್ನು ಶೂನ್ಯವೆಂದು ಎಣಿಸಬೇಕು. ಬ್ರಹ್ಮಗುಪ್ತನೂ 628ರಲ್ಲಿ ಇದನ್ನೇ ಸ್ಥೂಲಫಲವೆಂದನು. ಈಜಿಪ್ಟಿನ ಎಡ್ಫು ದೇವಾಲಯದ ಭಿತ್ತಿಯ ಮೇಲೆ, ದೇವರಿಗೆ ಬಿಟ್ಟ ಹೊಲಗಳ ಪಟ್ಟಿಯಲ್ಲಿ, ಇದೇ ನಿಯಮವಿದೆ. ತ್ರಿಭುಜದ ಉಪಾಯವೂ ಇದೇ. ಆದರೂ ಇದನ್ನು ಸಹಜಸ್ಖಾಲಿತ್ಯಗಳ ಗುಂಪಿಗೇ ಸೇರಿಸಬೇಕು. ರೋಮಿನ ಭೂಮಾಪಕರಲ್ಲಿಯೂ ಇದು ಬಳಕೆಯಲ್ಲಿತ್ತು. ಹಗ್ಗವೊಂದನ್ನೇ ಹಿಡಿದು ನಾಲ್ಕು ಬದುಗಳನ್ನು ಅಳೆದವನಿಗೆ ಮೊದಲು ಹೊಳೆಯುವ ಲೆಕ್ಕವೇ ಇದು. ನಾಲ್ಕು ಬದುಗಳೂ ಹತ್ತು ಗಳೆಯಿದ್ದು, ಓರೆಯಾಗಿ ಎಂಟು ಗಳೆಯಷ್ಟೇ ಲಂಬವಿರುವ ಹೊಲಕ್ಕೆ ಈ ನಿಯಮವು ನೂರು ಎನ್ನುತ್ತದೆ. ಅಲ್ಲಿರುವ ನೆಲ ಎಂಬತ್ತೇ. ತುಂಗಭದ್ರೆಯ ದಡದ ಸಿರುಗುಪ್ಪದ ಗದ್ದೆಯಾದರೂ ನೈಲ್ ದಡದ ಹೊಲವಾದರೂ ಇಲ್ಲದ ಇಪ್ಪತ್ತಕ್ಕೆ ತೆರಿಗೆ ಕೊಡುವವನು ಒಕ್ಕಲಿಗನೇ.

ಗ್ರೀಕರ ವೈಶಿಷ್ಟ್ಯವು ಉಪಪತ್ತಿಯಲ್ಲಿದೆ. ಅದನ್ನು ಮುಕ್ತಕಂಠದಿಂದ ಒಪ್ಪಬೇಕು. ಮಹಾವೀರಾಚಾರ್ಯರ ವೈಶಿಷ್ಟ್ಯವು ಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಬೇರ್ಪಡಿಸಿ ಹೇಳಿದುದರಲ್ಲಿದೆ. ವ್ಯವಹಾರ ನಿಶ್ಚಯ ನಯಗಳನ್ನು ಬಲ್ಲವರಿಗೆ ಈ ವಿವೇಕದ ಬೆಲೆ ತಿಳಿಯದಿರದು. ಆದರೆ ಉಪಪತ್ತಿಯಿಲ್ಲದೆ ಸೂಕ್ಷ್ಮವೆಂಬ ಹೆಸರು ಮಾತ್ರ ಸಾಲದೆಂಬುದನ್ನು ಆಯತವೃತ್ತವು ತೋರಿಸುತ್ತದೆ. ಬಾಹುಗಳಿಂದಲೇ ಚತುರ್ಭುಜಫಲವನ್ನು ತೆಗೆಯುವ ಸೂಕ್ಷ್ಮಸೂತ್ರವು ಕೋನಬಿಂದುಗಳು ಒಂದೇ ವೃತ್ತದ ಮೇಲಿದ್ದರೆ ಮಾತ್ರ ಸತ್ಯ. ಆ ನಿಬಂಧನೆ ಸೂತ್ರದಲ್ಲಿಲ್ಲ. ಮೇಲಿನ ಓರೆಹೊಲಕ್ಕೆ ಅದೂ ನೂರನ್ನೇ ಕೊಡುತ್ತದೆ. ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಯದೆ ಇಂತಹ ಫಲವನ್ನು ಕೇಳುವುದು ಅವಿವೇಕವೆಂದು ಭಾಸ್ಕರಾಚಾರ್ಯನು 1150ರ ಲೀಲಾವತಿಯಲ್ಲಿ ಖಂಡಿಸಿದನು. ವಿಮರ್ಶೆಯು ನಮ್ಮ ಪರಂಪರೆಗೆ ಹೊಸತಲ್ಲ.

ಸಂಪಾದಕರು ಎಚ್ಚರವಹಿಸಬೇಕಾದುದು ಇಲ್ಲಿಯೇ. ಮೂಡುಬಿದಿರೆಯ ಓಲೆಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಪರಿಧಿಯ ನಿಯಮವೊಂದನ್ನು ಕೊಟ್ಟಿದ್ದಾರೆ. ವ್ಯಾಸವನ್ನು ಹದಿನಾರರಿಂದ ಗುಣಿಸಿ, ಹದಿನಾರನ್ನು ಕೂಡಿಸಿ, 113ರಿಂದ ಭಾಗಿಸಿ, ವ್ಯಾಸದ ಮೂರರಷ್ಟನ್ನು ಸೇರಿಸಬೇಕು. ನಡುವೆ ಕೂಡಿಸಿದ ಹದಿನಾರನ್ನು ಬಿಟ್ಟರೆ 355/113 ಎಂಬ ಅತಿಸೂಕ್ಷ್ಮ ನಿಷ್ಪತ್ತಿ ದೊರೆಯುತ್ತದೆ. ಹಾಗೆಂದು ಆ ಪದವನ್ನು ತಿದ್ದಿಬಿಡುವ ಆಸೆ ಯಾರಿಗಾದರೂ ಹುಟ್ಟೀತು. ಓಲೆಯ ಆಧಾರವಿಲ್ಲದೆ ಆಚಾರ್ಯರ ಕೀರ್ತಿಗಾಗಿ ಪಾಠವನ್ನು ತಿದ್ದುವವನು ಸಾಕ್ಷ್ಯವನ್ನೇ ನಾಶಮಾಡುತ್ತಾನೆ.

ಎಂ. ರಂಗಾಚಾರ್ಯರ 1912ರ ಮದರಾಸು ಆವೃತ್ತಿಯು ಮೂಲ, ಪಾಠಾಂತರ, ಆಂಗ್ಲಾನುವಾದಗಳನ್ನು ಒದಗಿಸಿ ಮಹೋಪಕಾರ ಮಾಡಿತು. ಬಳ್ಳಾರಿ ಆಗ ಅದೇ ಮದರಾಸು ಪ್ರಾಂತದಲ್ಲಿತ್ತು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದವು. ಇನ್ನು ಆಗಬೇಕಾದುದು ಟೀಕೆಗಳ ಕೆಲಸ. ಸೂತ್ರದಲ್ಲಿ ಹೇಳದ ಉಪಪತ್ತಿಯೂ ನಿಬಂಧನೆಯೂ ಉಳಿದಿದ್ದರೆ ವಲ್ಲಭನ ಕನ್ನಡ ವ್ಯಾಖ್ಯಾನದಂತಹ ಟೀಕೆಗಳಲ್ಲಿ, ರಾಜಾದಿತ್ಯನ ಕ್ಷೇತ್ರಗಣಿತದಂತಹ ಕನ್ನಡ ಗ್ರಂಥಗಳಲ್ಲಿ ಉಳಿದಿರಬೇಕು. ಅವುಗಳನ್ನು ಶಾಸನಗಳ ಭೂಮಾನಗಳೊಡನೆ ಇಟ್ಟು ಓದಬೇಕು. ಯಾರು ಮೊದಲಿಗರೆಂಬ ವಾದವನ್ನು ಅಲ್ಲಿಯವರೆಗೆ ಬದಿಗಿರಿಸುವುದು ವಿದ್ವಾಂಸರಿಗೆ ಉಚಿತವೆಂದು ಭಾವಿಸುತ್ತೇನೆ.