ಒಪ್ಪಂದದ ಕ್ರಿಯಾಪದಗಳು

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ ಅಭಿಪ್ರಾಯವಿದೆ, ಅದನ್ನು ಓದಿದವರು ಕಡಿಮೆ. ನಾನೂ ಓದಿರಲಿಲ್ಲ. ಮುಂಬೈಯಲ್ಲಿ ಕರಾರುಪತ್ರ ಓದುವುದೇ ನನ್ನ ಹೊಟ್ಟೆಪಾಡು. ಯಾವ ಕರಾರು ಕೈಗೆ ಬಂದರೂ ಮೊದಲು ಹುಡುಕುವುದು ಕ್ರಿಯಾಪದವನ್ನು: ಯಾರು, ಏನನ್ನು, ಯಾವಾಗ ಮಾಡಬೇಕು? ಅದೇ ಚಾಳಿಯಿಂದ ಈಚೆಗೆ ಒಂದು ಭಾನುವಾರ ಈ ಹನ್ನೊಂದು ವಿಧಿಗಳ ಪುಟ್ಟ ಪಠ್ಯವನ್ನು ಓದಲು ಕೂತೆ.

1968ರಲ್ಲಿ ಸಹಿಗೆ ತೆರೆದು 1970ರಲ್ಲಿ ಜಾರಿಗೆ ಬಂದ ಒಪ್ಪಂದ ಇದು. ಇದರ ಪಾತ್ರಪರಿಚಯ ಬರುವುದು ಕೊನೆಕೊನೆಗೆ, ಒಂಬತ್ತನೇ ವಿಧಿಯಲ್ಲಿ. 1967ರ ಜನವರಿ 1ಕ್ಕೆ ಮೊದಲು ಬಾಂಬ್ ತಯಾರಿಸಿ ಸ್ಫೋಟಿಸಿದ್ದವರು ಅಣ್ವಸ್ತ್ರ ರಾಷ್ಟ್ರಗಳು. ಅಂದರೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್, ಚೀನಾ. ಲೋಕಲ್ ರೈಲು ಹತ್ತಿದವರು ಬಾಗಿಲಲ್ಲಿ ಅಡ್ಡ ನಿಂತು ‘ಜಾಗವಿಲ್ಲ’ ಎಂದ ಹಾಗೆ.

ಹೊರಗೆ ಉಳಿದವರ ಪಾಲಿನ ಕ್ರಿಯಾಪದಗಳು ಸ್ಪಷ್ಟವಾಗಿವೆ. ಅವರು ಅಣ್ವಸ್ತ್ರವನ್ನು ಪಡೆಯಬಾರದು, ತಯಾರಿಸಬಾರದು, ತಯಾರಿಸಲು ನೆರವು ಕೇಳಬಾರದು. ಮೂರನೇ ವಿಧಿ ಅವರನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸುತ್ತದೆ. ಅದಕ್ಕೆ ಗಡುವೂ ಇದೆ: ಒಪ್ಪಂದ ಜಾರಿಯಾದ 180 ದಿನಗಳೊಳಗೆ ಮಾತುಕತೆ ಶುರುವಾಗಬೇಕು, ಶುರುವಾದ 18 ತಿಂಗಳೊಳಗೆ ತಪಾಸಣೆಯ ವ್ಯವಸ್ಥೆ ಜಾರಿಗೆ ಬರಬೇಕು.

ಇನ್ನು ಆರನೇ ವಿಧಿ. ಬಾಂಬ್ ಇಟ್ಟುಕೊಂಡವರು ಅದನ್ನು ಬಿಡುವ ವಿಷಯ ಇರುವುದು ಇಲ್ಲಿ. ಇಲ್ಲಿನ ಕ್ರಿಯಾಪದ ‘ಬಿಡಬೇಕು’ ಅಲ್ಲ. ಸದ್ಭಾವನೆಯಿಂದ ಮಾತುಕತೆ ನಡೆಸಬೇಕು, ಅಷ್ಟೇ. ಶಸ್ತ್ರಪೈಪೋಟಿ ಬೇಗನೆ ನಿಲ್ಲಬೇಕಂತೆ, ಆದರೆ ತಾರೀಖಿಲ್ಲ. ತಪಾಸಣೆಗೆ ಬರುವವರೂ ಇಲ್ಲ. ಮಾತುಕತೆಯನ್ನು ಮುಕ್ತಾಯಕ್ಕೆ ತರುವುದೂ ಕರ್ತವ್ಯವೇ ಎಂದು 1996ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಆಗಲೂ ತಾರೀಖು ಬರಲಿಲ್ಲ.

ಇದು ತಾರತಮ್ಯ ಎಂದು ಭಾರತ ಮೊದಲಿನಿಂದ ಹೇಳುತ್ತ ಬಂದದ್ದು ಸರಿಯೇ. ಆದರೆ ಓದು ಇಲ್ಲಿಗೆ ನಿಂತರೆ ಅದು ವಕೀಲಿಕೆಯಾಗುತ್ತದೆ, ವಿಮರ್ಶೆಯಾಗುವುದಿಲ್ಲ. 1970ರ ದಶಕದಲ್ಲಿ 15ರಿಂದ 25 ದೇಶಗಳ ಬಳಿ ಈ ಅಸ್ತ್ರ ಇರಬಹುದೆಂದು ಕೆನಡಿ 1963ರಲ್ಲಿ ಆತಂಕಪಟ್ಟಿದ್ದರು. ಇವತ್ತಿಗೂ ಅವು ಒಂಬತ್ತೇ. ಆರು ಬಾಂಬ್ ತಯಾರಿಸಿದ್ದ ದಕ್ಷಿಣ ಆಫ್ರಿಕ ಅವನ್ನು ಕಳಚಿಹಾಕಿ 1991ರಲ್ಲಿ ಸಹಿ ಹಾಕಿತು. ಇದೆಲ್ಲ ಈ ಕಾಗದವೊಂದರಿಂದಲೇ ಆಯಿತೆನ್ನಲಾರೆ. ಆದರೂ ಓರೆಯಾಗಿ ಬರೆದ ಕರಾರಿಗೂ ನೇರವಾಗಿ ನಡೆದುಕೊಂಡ ದೇಶಗಳು ಬಹಳ ಇವೆ.

ನಾವು? ಈ ಊರಿನ ಟ್ರಾಂಬೆಯಲ್ಲೇ ಸೈರಸ್ ಎಂಬ ರಿಯಾಕ್ಟರ್ ಇತ್ತು. ರಿಯಾಕ್ಟರ್ ಕೆನಡಾದ್ದು, ಭಾರಜಲ ಅಮೆರಿಕದ್ದು, ಶಾಂತಿಯುತ ಬಳಕೆಗೆ ಮಾತ್ರ ಎಂಬ ಮಾತು ನಮ್ಮದು. 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿದದ್ದು ಅಲ್ಲಿನ ಪ್ಲುಟೋನಿಯಂ. ಮಾತು ಮುರಿಯಿತೆಂದು ಕೆನಡಾ ಸಹಕಾರ ನಿಲ್ಲಿಸಿತು. ಇದು ‘ಶಾಂತಿಯುತ ಅಣುಸ್ಫೋಟ’ ಎಂದೆವು ನಾವು. ಸೋಜಿಗವೆಂದರೆ, ಸ್ಫೋಟವನ್ನು ಶಾಂತಿಯ ಕೆಲಸಕ್ಕೆ ಬಳಸುವ ಮಾತು ನಾವು ದೂರಿದ ಒಪ್ಪಂದದ ಐದನೇ ವಿಧಿಯಲ್ಲೇ ಇದೆ. ಅವರದು ಸಡಿಲ ಕ್ರಿಯಾಪದ, ನಮ್ಮದು ಸಡಿಲ ವಿಶೇಷಣ.

ತಾರೀಖು ಬರೆದವರೂ ನಾವೇ ಎಂಬುದನ್ನು ಮರೆಯಬಾರದು. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ಯೋಜನೆಯಲ್ಲಿ, ಜಗತ್ತಿನ ಎಲ್ಲ ಅಣ್ವಸ್ತ್ರಗಳೂ 2010ರ ಹೊತ್ತಿಗೆ ಇಲ್ಲವಾಗಬೇಕೆಂದು ಹಂತಹಂತವಾಗಿ ಬರೆದಿತ್ತು. ದೊಡ್ಡ ದೇಶಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹತ್ತು ವರ್ಷಕ್ಕೆ ನಾವು ಮತ್ತೆ ಪೋಖರಣ್‌ನಲ್ಲಿದ್ದೆವು. ಈ ಸಲ ‘ಶಾಂತಿಯುತ’ ಎಂಬ ಪದವನ್ನೂ ಬಿಟ್ಟಿದ್ದೆವು.

ಕರಾರಿನಲ್ಲಿ ಗಡುವಿಲ್ಲದ ಭರವಸೆ ಕಂಡರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾವಾಗ?’ ಎಂದು ಬರೆಯುವುದು ನನ್ನ ರೂಢಿ. ಆರನೇ ವಿಧಿಯ ಪಕ್ಕದಲ್ಲೂ ಹಾಗೇ ಬರೆದೆ. ಆಮೇಲೆ ಅದನ್ನು ಬರಿಯ ಐದು ದೇಶಗಳಿಗೆ ಕೇಳಿದರೆ ಸಾಲದು ಅನ್ನಿಸಿತು.