ಶಾಪವೆಂದು ಕರೆಯುವ ಮುನ್ನ

ಭಯಾನಕ ಸಿನಿಮಾಗಳನ್ನು ನಾನು ಬಹಳ ಕಾಲ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಗಾಥಿಕ್ ಕಥನಗಳ ಮೇಲೆ ಸಂಶೋಧನೆ ಶುರುಮಾಡಿದ ಮೇಲೆ ನೋಡಿದ ‘ದಿ ಕರ್ಸ್ ಆಫ್ ದಿ ವೇರ್‌ವುಲ್ಫ್’ (1961) ಆ ಉದಾಸೀನವನ್ನು ಕದಲಿಸಿತು. ಬ್ರಿಟನ್ನಿನ ಹ್ಯಾಮರ್ ಸಂಸ್ಥೆಗಾಗಿ ಟೆರೆನ್ಸ್ ಫಿಶರ್ ನಿರ್ದೇಶಿಸಿದ ಈ ಚಿತ್ರಕ್ಕೆ ಗೈ ಎಂಡೋರ್ ಅವರ ‘ದಿ ವೇರ್‌ವುಲ್ಫ್ ಆಫ್ ಪ್ಯಾರಿಸ್’ (1933) ಕಾದಂಬರಿ ಆಧಾರ. ಆದರೆ ಕಥೆ ನಡೆಯುವುದು 18ನೆಯ ಶತಮಾನದ ಸ್ಪೇನಿನಲ್ಲಿ.

ತೋಳಮಾನವನನ್ನು ನೋಡಲು ಕೂತವರು ತುಂಬ ಹೊತ್ತು ಕಾಯಬೇಕು. ನಾಯಕ ಲಿಯಾನ್ ಪಾತ್ರದ ಆಲಿವರ್ ರೀಡ್ ತೆರೆಗೆ ಬರುವಷ್ಟರಲ್ಲಿ ಸುಮಾರು ಅರ್ಧ ಚಿತ್ರ ಮುಗಿದಿರುತ್ತದೆ. ಇದು ದೋಷವೆಂದು ಅನ್ನಿಸಬಹುದು. ನನಗಂತೂ ಚಿತ್ರದ ತಿರುಳು ಆ ಮೊದಲರ್ಧದಲ್ಲೇ ಇದೆ.

ಅಲ್ಲೊಬ್ಬ ಮಾರ್ಕ್ವಿಸ್, ಊರಿನ ಒಡೆಯ. ಅವನ ಮದುವೆಯ ಊಟಕ್ಕೆ ಭಿಕ್ಷುಕನೊಬ್ಬ ಬರುತ್ತಾನೆ. ಒಡೆಯ ಅವನನ್ನು ಹಣ ಕೊಟ್ಟು ಕೊಂಡು, ಹೆಂಡತಿಯ ಮೋಜಿಗೆಂದು ಸಾಕುಪ್ರಾಣಿಯಂತೆ ಕುಣಿಸುತ್ತಾನೆ. ಒಂದು ಮಾತು ಹೆಚ್ಚಾದದ್ದಕ್ಕೆ ಸೆರೆಮನೆಗೆ ತಳ್ಳಿ ಮರೆತುಬಿಡುತ್ತಾನೆ. ವರ್ಷಗಳು ಕಳೆದು ಭಿಕ್ಷುಕನ ಮೈತುಂಬ ಕೂದಲು ಬೆಳೆಯುತ್ತದೆ, ಮನುಷ್ಯತನ ಉದುರಿಹೋಗುತ್ತದೆ. ಮುದಿ ಒಡೆಯನ ಕಾಮಕ್ಕೆ ಮಣಿಯದ ಮೂಕ ಕೆಲಸದ ಹುಡುಗಿಯನ್ನು ಅದೇ ಕತ್ತಲಿಗೆ ನೂಕಲಾಗುತ್ತದೆ. ಅಲ್ಲಿ ಅವಳ ಮೇಲೆ ನಡೆಯುವ ಅತ್ಯಾಚಾರದಿಂದ ಹುಟ್ಟುವವನೇ ಲಿಯಾನ್.

ಅಂದರೆ ಈ ಚಿತ್ರದಲ್ಲಿ ಮನುಷ್ಯ ಮೃಗವಾಗುವುದು ಎರಡು ಸಲ. ಮೊದಲನೆಯ ಸಲ ಹುಣ್ಣಿಮೆಯೂ ಇಲ್ಲ, ಮಾಟವೂ ಇಲ್ಲ. ಒಡೆಯನ ಕೈಯಲ್ಲಿದ್ದ ಬೀಗವೇ ಸಾಕಾಯಿತು.

ಈ ಚರಿತ್ರೆ ಪ್ರೇಕ್ಷಕರಿಗೆ ಗೊತ್ತು, ಮಗುವನ್ನು ಸಾಕುವವರಿಗೆ ಗೊತ್ತಿಲ್ಲ. ಗೊತ್ತಿದ್ದ ತಾಯಿಗೆ ಮಾತಿಲ್ಲ. ಹೆತ್ತೊಡನೆ ಅವಳು ಸಾಯುತ್ತಾಳೆ. ಆ ಖಾಲಿ ಜಾಗವನ್ನು ನಂಬಿಕೆ ತುಂಬುತ್ತದೆ: ಇಂಥ ಮಗು ಕ್ರಿಸ್ತನ ಜನ್ಮದಿನದಂದು ಹುಟ್ಟುವುದು ಸ್ವರ್ಗಕ್ಕೇ ಅವಮಾನ. ಅನ್ಯಾಯವೊಂದು ಹೀಗೆ ಶಾಪವೆಂಬ ಹೆಸರು ಪಡೆಯುತ್ತದೆ. ಹುಟ್ಟನ್ನೇ ಕಳಂಕವೆಂದು ಎಣಿಸುವ ಈ ಲೆಕ್ಕ ನಮಗೇನೂ ಅಪರಿಚಿತವಲ್ಲ.

ಚಿತ್ರ ಇಲ್ಲಿ ತಾನೇ ಇಬ್ಬಂದಿಗೆ ಸಿಲುಕಿದೆ. ದೀಕ್ಷಾಸ್ನಾನದ ವೇಳೆ ಪವಿತ್ರ ಜಲ ಕುದಿಯುವುದನ್ನು ತೋರಿಸಿ ಶಾಪ ನಿಜವೆಂದು ಅದೂ ಒಪ್ಪಿಬಿಡುತ್ತದೆ. ಲಿಯಾನನಿಗೆ ತೋರುವ ಕರುಣೆಯ ಕಾಲುಭಾಗವೂ ಅವನ ತಾಯಿಗೆ ಸಿಗುವುದಿಲ್ಲ. ಅವಳನ್ನು ಅದು ಬೇಗ ದಾಟಿಹೋಗುತ್ತದೆ.

ಆದರೆ ಇಲ್ಲಿನ ಪಾದ್ರಿ ಬರೀ ಹೆದರಿಸುವವನಲ್ಲ. ದ್ವೇಷ, ಒಂಟಿತನಗಳು ಒಳಗಿನ ಮೃಗವನ್ನು ಬೆಳೆಸುತ್ತವೆ, ಪ್ರೀತಿ ಮನುಷ್ಯನನ್ನು ಉಳಿಸುತ್ತದೆ ಎನ್ನುತ್ತಾನೆ. ಕ್ರಿಸ್ಟಿನಾ ಪಕ್ಕದಲ್ಲಿದ್ದ ರಾತ್ರಿ ಲಿಯಾನ್ ತೋಳವಾಗುವುದಿಲ್ಲ. ಪಾದ್ರಿಯ ಮದ್ದು ಸರಿಯೇ. ಆದರೆ ಅವಳು ಅವನ ಧಣಿಯ ಮಗಳು, ಸಿರಿವಂತನಿಗೆ ನಿಶ್ಚಯವಾದವಳು. ಇಬ್ಬರೂ ಊರು ಬಿಡುವ ಮೊದಲೇ ಅವನ ಬಂಧನವಾಗುತ್ತದೆ. ಧರ್ಮ ಹೇಳಿದ ಮದ್ದನ್ನು ಅಂತಸ್ತು, ಕಾನೂನು ಸೇರಿ ಕಸಿದುಕೊಳ್ಳುತ್ತವೆ.

ಕೊನೆಗೆ ಗಂಟೆಗೋಪುರದ ಮೇಲೆ ಸಾಕುತಂದೆಯೇ ಕೋವಿ ಎತ್ತಬೇಕಾಗುತ್ತದೆ. ಬೆಳ್ಳಿಯ ಗುಂಡು ಶಿಲುಬೆಯನ್ನು ಕರಗಿಸಿ ಮಾಡಿದ್ದು. ಗುಂಡು ಹೊಡೆದವನೇ ಸತ್ತವನ ಮೇಲೆ ತನ್ನ ಮೇಲಂಗಿ ಹೊದಿಸುತ್ತಾನೆ. ಊರಿಗೆ ತೋಳದ ಕಾಟ ತಪ್ಪಿತು. ಭಿಕ್ಷುಕನ ಹೆಸರನ್ನು ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ.